ವಿದೇಶದ ಪ್ರೊಬೇಟ್, ಕರ್ನಾಟಕದ ಆಸ್ತಿ: ಮಾನ್ಯತೆ ಪಡೆಯುವ ಸಮಗ್ರ ಮಾರ್ಗದರ್ಶಿ

ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ದುಬೈಯಲ್ಲೋ ತೀರಿಕೊಂಡವರ ವಿಲ್‌ಗೆ ಅಲ್ಲಿನ ನ್ಯಾಯಾಲಯ ಪ್ರೊಬೇಟ್ (ವಿಲ್ ಸಾಬೀತಾಗಿದೆ ಎಂಬ ಆದೇಶ) ಕೊಟ್ಟ ಮೇಲೆ, ಆ ಕಾಗದ ಹಿಡಿದು ಬೆಂಗಳೂರಿನ ಖಾತಾ ಕಚೇರಿಗೋ ಮಂಡ್ಯದ ತಾಲ್ಲೂಕು ಕಚೇರಿಗೋ ಬ್ಯಾಂಕಿಗೋ ನೇರವಾಗಿ ಹೋದವರು ಸಾಮಾನ್ಯವಾಗಿ ಒಂದೇ ಮಾತು ಕೇಳಿ ಹಿಂದಿರುಗುತ್ತಾರೆ: ಇಲ್ಲಿನ ಕೋರ್ಟಿನ ಆದೇಶ ತನ್ನಿ. ಆ ಬಳಿಕ ಗಡಿಬಿಡಿಯಲ್ಲಿ ಹಾಕಿದ ಅರ್ಜಿಯೂ ಪ್ರತಿ ದೃಢೀಕೃತವಲ್ಲ, ಅಧಿಕಾರಪತ್ರಕ್ಕೆ (ಪವರ್ ಆಫ್ ಅಟಾರ್ನಿ) ಮುದ್ರಾಂಕ ಶುಲ್ಕ ಕಟ್ಟಿಲ್ಲ, ವಾರಸುದಾರರ ಪಟ್ಟಿ ಅಪೂರ್ಣ ಎಂಬ ಆಕ್ಷೇಪಣೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಇಂಥ ಹೆಚ್ಚಿನ ಪ್ರಕರಣಗಳು ಸೋಲುವುದು ಕಾನೂನು ವಿರುದ್ಧವಾಗಿದೆ ಎಂಬ ಕಾರಣಕ್ಕಲ್ಲ, ಕೆಲಸದ ಕ್ರಮ ತಿರುವುಮುರುವಾಗಿದೆ ಎಂಬ ಕಾರಣಕ್ಕೆ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಅನುಸರಿಸುವುದು ಒಳ್ಳೆಯದು.

ಆರಂಭಕ್ಕೆ ಮುನ್ನ ಬಿಡಬೇಕಾದ ಎರಡು ನಂಬಿಕೆಗಳು

ಮೊದಲನೆಯದು, ‘ರೀಸೀಲ್ ಮಾಡಿಸಿದರೆ ಸಾಕು’ ಎಂಬ ನಂಬಿಕೆ. ಕಾಮನ್‌ವೆಲ್ತ್‌ನ ಹಲವು ದೇಶಗಳಲ್ಲಿ ಒಂದು ದೇಶದ ಪ್ರೊಬೇಟ್ ಮೇಲೆ ಇನ್ನೊಂದು ದೇಶದ ನ್ಯಾಯಾಲಯ ತನ್ನ ಮೊಹರು ಒತ್ತಿ ಊರ್ಜಿತಗೊಳಿಸುವ ಪದ್ಧತಿಯಿದೆ. ಹಾಗಾಗಿ ಅಲ್ಲಿನ ವಕೀಲರು ಭಾರತದಲ್ಲೂ ಹಾಗೆಯೇ ಇರಬಹುದೆಂದು ಸಹಜವಾಗಿ ಸಲಹೆ ಕೊಡುತ್ತಾರೆ. ಭಾರತೀಯ ಉತ್ತರಾಧಿಕಾರ ಕಾಯಿದೆ, 1925ರಲ್ಲಿ ಇಂಥ ಅವಕಾಶವಿಲ್ಲ. ಅದಕ್ಕೆ ಹತ್ತಿರದ ದಾರಿ ಆ ಕಾಯಿದೆಯ ಕಲಂ 228. ರಾಜ್ಯದ ಹೊರಗೆ, ಭಾರತದ ಒಳಗಾಗಲಿ ಹೊರಗಾಗಲಿ, ಅಧಿಕಾರವುಳ್ಳ ನ್ಯಾಯಾಲಯದಲ್ಲಿ ವಿಲ್ ಸಾಬೀತಾಗಿ ಅಲ್ಲೇ ಠೇವಣಿಯಾಗಿದ್ದರೆ, ಅದರ ಸರಿಯಾಗಿ ದೃಢೀಕರಿಸಿದ ಪ್ರತಿಯನ್ನು ಹಾಜರುಪಡಿಸಿ, ಆ ಪ್ರತಿಯ ನಕಲನ್ನು ಲಗತ್ತಿಸಿದ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್, ಅಂದರೆ ಆಡಳಿತ ಪತ್ರವನ್ನು, ಇಲ್ಲಿನ ನ್ಯಾಯಾಲಯದಿಂದ ಪಡೆಯಬಹುದು. ಅದು ಹೊಸ ಆದೇಶ. ಹಳೆಯ ಆದೇಶದ ಮೇಲಿನ ಮೊಹರಲ್ಲ.

ಎರಡನೆಯದು, ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 44ಎ ಕುರಿತ ನಂಬಿಕೆ. ಬ್ರಿಟನ್, ಸಿಂಗಪುರ, 2020ರಿಂದ ಯುಎಇ ಮುಂತಾದ ಪರಸ್ಪರ ಮಾನ್ಯತೆಯ ದೇಶಗಳ ಡಿಕ್ರಿಗಳನ್ನು ಇಲ್ಲಿ ನೇರವಾಗಿ ಜಾರಿ ಮಾಡಿಸಬಹುದು ಎಂಬುದು ನಿಜ. ಆದರೆ ಆ ಕಲಂ ಹಣ ಪಾವತಿಯ ಡಿಕ್ರಿಗಳಿಗೆ ಸಂಬಂಧಿಸಿದ್ದು. ಪ್ರೊಬೇಟ್ ಯಾರಿಗೂ ಹಣ ಕೊಡೆಂದು ಆಜ್ಞಾಪಿಸುವುದಿಲ್ಲವಾದ್ದರಿಂದ ಅದನ್ನು ಆಧರಿಸಿ ಜಾರಿ ಅರ್ಜಿ ಹಾಕುವುದು ವ್ಯರ್ಥ.

ಹಂತ 1: ಕಾಗದಕ್ಕಿಂತ ಮೊದಲು ಆಸ್ತಿಯ ಪಟ್ಟಿ ಮಾಡಿ

ಮೃತರಿಗೆ ಭಾರತದಲ್ಲಿದ್ದ ಆಸ್ತಿಯನ್ನೆಲ್ಲ ಸ್ಥಿರ, ಚರ ಎಂದು ಬೇರ್ಪಡಿಸಿ ಬರೆದುಕೊಳ್ಳಿ. ನಿವೇಶನ ಮತ್ತು ಮನೆಗೆ ಕ್ರಯಪತ್ರ, ಖಾತಾ, ಇತ್ತೀಚಿನ ತೆರಿಗೆ ರಸೀದಿ ಮತ್ತು ಋಣಭಾರ ಪತ್ರ ಬೇಕು. ಜಮೀನಿಗೆ ಪಹಣಿ ಮತ್ತು ಮ್ಯುಟೇಷನ್ ನಕಲು. ಬ್ಯಾಂಕ್ ಠೇವಣಿ, ಲಾಕರು, ಕಂಪನಿ ಷೇರು, ಮ್ಯೂಚುವಲ್ ಫಂಡ್‌ಗಳನ್ನು ನಾಮಿನಿಯ ಹೆಸರಿನ ಸಮೇತ ಪ್ರತ್ಯೇಕವಾಗಿ ಬರೆಯಿರಿ. ನಾಮಿನಿ ಇದ್ದ ಮಾತ್ರಕ್ಕೆ ಆತನೇ ಒಡೆಯನಾಗುವುದಿಲ್ಲ. ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ ಇದನ್ನು 2023ರ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಪಟ್ಟಿಯ ಪ್ರತಿ ಸಾಲಿನ ಪಕ್ಕದಲ್ಲಿ ಅದು ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎಂದು ನಮೂದಿಸಿ. ಬಹುತೇಕರು ಬಿಟ್ಟುಬಿಡುವ ಕೆಲಸ ಇದು. ಪ್ರೊಬೇಟ್ ನ್ಯಾಯಾಲಯ, ಇಲ್ಲಿನದಾಗಲಿ ಹೊರಗಿನದಾಗಲಿ, ತೀರ್ಮಾನಿಸುವುದು ವಿಲ್ ನಿಜವೇ, ಕ್ರಮಬದ್ಧವೇ ಎಂಬುದನ್ನು ಮಾತ್ರ. ಆಸ್ತಿ ಮೃತರದೇ ಆಗಿತ್ತೇ ಎಂಬ ಹಕ್ಕಿನ ಪ್ರಶ್ನೆಯನ್ನಲ್ಲ. ಅವಿಭಕ್ತ ಕುಟುಂಬದ ಜಮೀನಿನಲ್ಲಿ ಹಿಂದೂ ವ್ಯಕ್ತಿಯೊಬ್ಬರು ತಮ್ಮ ಪಾಲನ್ನು ಮಾತ್ರ ವಿಲ್ ಮೂಲಕ ಕೊಡಬಲ್ಲರು. 2020ರ ವಿನೀತಾ ಶರ್ಮಾ ತೀರ್ಪಿನ ನಂತರ ಹೆಣ್ಣುಮಕ್ಕಳ ಪಾಲೂ ಜನ್ಮಸಿದ್ಧವೆಂದು ಸ್ಥಿರಪಟ್ಟಿದೆ. ಇಡೀ ಜಮೀನನ್ನು ಒಬ್ಬ ಮಗನಿಗೆ ಬರೆದ ವಿಲ್‌ಗೆ ಲಂಡನ್ನಿನಲ್ಲಿ ಪ್ರೊಬೇಟ್ ಸಿಕ್ಕರೂ ಅತ್ತೆಯಂದಿರ, ಅಕ್ಕತಂಗಿಯರ ಪಾಲು ಅದರಿಂದ ಕರಗುವುದಿಲ್ಲ.

ಹಂತ 2: ಯಾವ ಆಸ್ತಿಗೆ ಯಾವ ಕಾನೂನು ಎಂದು ನಿರ್ಧರಿಸಿ

ಸ್ಥಿರಾಸ್ತಿಗೆ ಅದು ಇರುವ ನೆಲದ ಕಾನೂನು, ಚರಾಸ್ತಿಗೆ ಮೃತರು ಸಾಯುವಾಗ ಕಾಯಂ ನೆಲೆ ಹೊಂದಿದ್ದ ದೇಶದ ಕಾನೂನು ಅನ್ವಯಿಸುವುದು ಸಾಮಾನ್ಯ ನಿಯಮ. 1925ರ ಕಾಯಿದೆಯ ಕಲಂ 5 ಇದನ್ನೇ ಹೇಳುತ್ತದೆ. ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನರಿಗೆ ಆ ಭಾಗ ನೇರವಾಗಿ ಅನ್ವಯವಾಗದಿದ್ದರೂ, ಸ್ಥಿರಾಸ್ತಿಯ ವಿಷಯದಲ್ಲಿ ನ್ಯಾಯಾಲಯಗಳು ಅನುಸರಿಸುವ ತತ್ತ್ವ ಬೇರೆಯಲ್ಲ.

ಈ ತತ್ತ್ವಕ್ಕೆ ನಮ್ಮದೇ ನೆಲದ ನಿದರ್ಶನವಿದೆ. ಬೆಂಗಳೂರಿನ ಗುತ್ತಿಗೆದಾರರೊಬ್ಬರ ವಿಲ್‌ಗೆ ಸಂಬಂಧಿಸಿ ಹುಟ್ಟಿದ ವಿಶ್ವನಾಥನ್ ವಿರುದ್ಧ ಅಬ್ದುಲ್ ವಾಜಿದ್ ಪ್ರಕರಣದಲ್ಲಿ ಮೈಸೂರು ಸಂಸ್ಥಾನದ ನ್ಯಾಯಾಲಯ ಮದ್ರಾಸಿನ ಪಾಲಿಗೆ ವಿದೇಶೀ ನ್ಯಾಯಾಲಯವಾಗಿತ್ತು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಸ್ಥಿರಾಸ್ತಿಯ ಬಗ್ಗೆ ಮೈಸೂರಿನ ತೀರ್ಪು ಬಂಧಕವಲ್ಲವೆಂದು ಸುಪ್ರೀಂ ಕೋರ್ಟ್ 1962ರಲ್ಲಿ ಹೇಳಿತು. ಇಂದು ಲಂಡನ್ನಿನ ತೀರ್ಪು ಜಯನಗರದ ಮನೆಯ ವಿಷಯದಲ್ಲಿ ಎದುರಿಸುವ ಮಿತಿಯೂ ಅದೇ.

ಕಾಯಂ ನೆಲೆಯನ್ನು ಪೌರತ್ವದೊಂದಿಗೆ ಬೆರೆಸಬೇಡಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಂಗ್ಲೆಂಡಿನಲ್ಲಿ ಶಾಶ್ವತವಾಗಿ ನೆಲೆಸಿದವರೂ ಇದ್ದಾರೆ. ಮೂವತ್ತು ವರ್ಷ ದುಬೈಯಲ್ಲಿ ದುಡಿದರೂ ಉಡುಪಿಗೆ ಮರಳುವ ಉದ್ದೇಶವನ್ನು ಎಂದೂ ಬಿಡದವರೂ ಇದ್ದಾರೆ. ಎದುರುಪಕ್ಷ ಇದನ್ನು ಪ್ರಶ್ನಿಸುವ ಸಾಧ್ಯತೆ ಇದ್ದರೆ ಪತ್ರವ್ಯವಹಾರ, ತೆರಿಗೆ ದಾಖಲೆ, ಮನೆ ಖರೀದಿಯ ದಾಖಲೆಗಳನ್ನು ಈಗಲೇ ಕೂಡಿಸಿಡಿ.

ಹಂತ 3: ವಿಲ್ಲನ್ನು ಅದು ಹೇಳದ ವಿಷಯಕ್ಕಾಗಿಯೂ ಓದಿ

ಎಲ್ಲ ಹಂತಗಳಿಗಿಂತ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ ಎಂಬುದು ನನ್ನ ಅಭಿಪ್ರಾಯ.

ಮೊದಲು ವ್ಯಾಪ್ತಿ ನೋಡಿ. ವಿಲ್ ಜಗತ್ತಿನ ಎಲ್ಲ ಆಸ್ತಿಗೂ ಅನ್ವಯಿಸುತ್ತದೆಯೇ, ಆ ದೇಶದ ಆಸ್ತಿಗೆ ಮಾತ್ರವೇ? ಕೊಲ್ಲಿ ದೇಶಗಳಲ್ಲಿ ನೋಂದಾಯಿಸಿದ ವಿಲ್‌ಗಳನ್ನು ಎಷ್ಟೋ ಬಾರಿ ಅಲ್ಲಿನ ಆಸ್ತಿಗಷ್ಟೇ ಸೀಮಿತಗೊಳಿಸಿ ಬರೆದಿರುತ್ತಾರೆ. ಅಂಥ ವಿಲ್‌ಗೆ ಇಲ್ಲಿ ಆಡಳಿತ ಪತ್ರ ಪಡೆದು ಮಾಡುವುದು ಏನೂ ಇಲ್ಲ.

ನಂತರ ರದ್ದತಿಯ ವಾಕ್ಯವನ್ನು ಹುಡುಕಿ. ‘ನಾನು ಹಿಂದೆ ಮಾಡಿದ ಎಲ್ಲ ವಿಲ್‌ಗಳನ್ನು ಈ ಮೂಲಕ ರದ್ದುಪಡಿಸುತ್ತೇನೆ’ ಎಂಬುದು ವಿದೇಶದ ಸಿದ್ಧ ನಮೂನೆಗಳಲ್ಲಿ ತಾನಾಗಿಯೇ ಬರುವ ಸಾಲು. 2010ರಲ್ಲಿ ಮೈಸೂರಿನಲ್ಲಿ ಇಲ್ಲಿನ ಮನೆಗೆಂದು ಒಂದು ವಿಲ್ ಬರೆದು, 2018ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅಲ್ಲಿನ ಆಸ್ತಿಗೆಂದು ಇನ್ನೊಂದು ಬರೆದವರನ್ನು ಊಹಿಸಿಕೊಳ್ಳಿ. ಎರಡನೆಯದರಲ್ಲಿ ಈ ಸಾಲಿಗೆ ಯಾವ ಮಿತಿಯೂ ಇಲ್ಲದಿದ್ದರೆ, ಮೊದಲನೆಯದು ಸತ್ತುಹೋಯಿತು ಎಂಬ ವಾದಕ್ಕೆ ಬಲವಾದ ಆಧಾರ ಸಿಗುತ್ತದೆ. ಆಗ ಮೈಸೂರಿನ ಮನೆ ಎರಡನೆಯ ವಿಲ್‌ನ ಉಳಿಕೆ ಆಸ್ತಿಯೊಳಗೆ (ಪ್ರತ್ಯೇಕವಾಗಿ ಹೆಸರಿಸದೆ ಉಳಿದ ಆಸ್ತಿ) ಬೀಳುತ್ತದೆ. ಉಳಿಕೆ ಆಸ್ತಿಯ ವಾಕ್ಯವೂ ಇಲ್ಲದಿದ್ದರೆ ವಿಲ್ ಇಲ್ಲದೆ ಸತ್ತಂತೆಯೇ ಲೆಕ್ಕ. ಒಡಹುಟ್ಟಿದವರ ನಡುವಿನ ಗಡಿಯಾಚೆಯ ವ್ಯಾಜ್ಯಗಳಿಗೆ ಈ ಒಂದು ಸಾಲು ಸಾಕು.

ಮೂರನೆಯದು ಸಾಕ್ಷಿಗಳು. ಭಾರತದ ಸ್ಥಿರಾಸ್ತಿಗೆ ಸಂಬಂಧಿಸಿದ ವಿಲ್ ಕಲಂ 63ರಂತೆ ಕನಿಷ್ಠ ಇಬ್ಬರು ಸಾಕ್ಷಿಗಳಿಂದ ದೃಢೀಕೃತವಾಗಿರಬೇಕು. ಕ್ಯಾಲಿಫೋರ್ನಿಯಾದಂಥ ಕೆಲವು ಕಡೆ ಸಾಕ್ಷಿಗಳಿಲ್ಲದ ಕೈಬರಹದ ವಿಲ್ ಕೂಡ ಊರ್ಜಿತ; ಅಂಥ ವಿಲ್ ಅಲ್ಲಿ ಪ್ರೊಬೇಟ್ ಆದರೂ ಇಲ್ಲಿನ ಜಮೀನಿಗೆ ಸಾಕಾಗುತ್ತದೆಂದು ಭಾವಿಸಬೇಡಿ. ವಿಲ್ ನೋಂದಣಿಯಾಗಿಲ್ಲ ಎಂಬುದು ಮಾತ್ರ ದೋಷವಲ್ಲ, ನೋಂದಣಿ ಕಡ್ಡಾಯವಿಲ್ಲ.

ವಿಲ್ ಬರೆದ ಮೇಲೆ ಮದುವೆಯಾದವರ ಪ್ರಕರಣದಲ್ಲಿ ಇನ್ನೊಂದು ಎಚ್ಚರ ಬೇಕು. ಇಂಗ್ಲೆಂಡಿನ ಕಾನೂನಿನಲ್ಲಿ ಸಾಮಾನ್ಯವಾಗಿ ಮದುವೆ ಹಿಂದಿನ ವಿಲ್ಲನ್ನು ರದ್ದುಮಾಡುತ್ತದೆ. 1925ರ ಕಾಯಿದೆಯ ಕಲಂ 57ರ ಪ್ರಕಾರ ಹಿಂದೂಗಳ ವಿಲ್ ಮದುವೆಯಿಂದ ರದ್ದಾಗುವುದಿಲ್ಲ. ಒಂದೇ ಕಾಗದ ಒಂದು ದೇಶದ ಆಸ್ತಿಗೆ ಜೀವಂತವಾಗಿ, ಇನ್ನೊಂದರ ಆಸ್ತಿಗೆ ಮೃತವಾಗಿ ಇರಬಹುದು.

ಕೊನೆಯದಾಗಿ, ಕೈಯಲ್ಲಿರುವುದು ನಿಜಕ್ಕೂ ವಿಲ್ಲೇ? ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಹಲವರು ಪ್ರೊಬೇಟ್ ತಪ್ಪಿಸಲೆಂದೇ ಲಿವಿಂಗ್ ಟ್ರಸ್ಟ್ (ಬದುಕಿರುವಾಗಲೇ ಆಸ್ತಿಯನ್ನು ಟ್ರಸ್ಟಿಗೆ ಸೇರಿಸುವ ವ್ಯವಸ್ಥೆ) ಮಾಡಿರುತ್ತಾರೆ. ಆ ಟ್ರಸ್ಟ್ ಪತ್ರ ಯಾವ ನ್ಯಾಯಾಲಯದಲ್ಲೂ ಸಾಬೀತಾಗಿ ಠೇವಣಿಯಾಗುವುದಿಲ್ಲವಾದ್ದರಿಂದ ಕಲಂ 228 ಅದಕ್ಕೆ ದಕ್ಕುವುದಿಲ್ಲ. ಉಳಿದ ಆಸ್ತಿಯನ್ನೆಲ್ಲ ಟ್ರಸ್ಟಿಗೆ ಸೇರಿಸುವ ಪೂರಕ ವಿಲ್ ಜೊತೆಗಿದೆಯೇ ಎಂದು ವಿಚಾರಿಸಿ. ಇದ್ದರೆ ಅದಕ್ಕೆ ಅಲ್ಲಿ ಪ್ರೊಬೇಟ್ ಪಡೆದು ಮುಂದುವರಿಯುವ ದಾರಿ ಉಂಟು.

ಹಂತ 4: ವಿದೇಶದಿಂದ ಸರಿಯಾದ ಪ್ರತಿಯನ್ನೇ ತರಿಸಿ

ನ್ಯಾಯಾಲಯ ಕೇಳುವುದು ಎರಡನ್ನು: ಪ್ರೊಬೇಟ್ ಆದೇಶದ ದೃಢೀಕೃತ ಪ್ರತಿ, ಮತ್ತು ಆ ನ್ಯಾಯಾಲಯದ ವಶದಲ್ಲಿರುವ ವಿಲ್‌ನ ದೃಢೀಕೃತ ಪ್ರತಿ. ಎರಡನ್ನೂ ನ್ಯಾಯಾಲಯವೇ ಕೊಡಬೇಕು. ವಿಲ್‌ನ ಜೆರಾಕ್ಸ್ ಮೇಲೆ ಸ್ಥಳೀಯ ನೋಟರಿಯ ಸಹಿ ಹಾಕಿಸಿ ಕಳುಹಿಸುವುದು ಅತಿ ಸಾಮಾನ್ಯವಾದ ತಪ್ಪು. ನೋಟರಿ ದೃಢೀಕರಿಸಿದ್ದು ಒಂದು ಜೆರಾಕ್ಸ್ ಅನ್ನು, ನ್ಯಾಯಾಲಯದ ದಾಖಲೆಯನ್ನಲ್ಲ. ಇಂಗ್ಲೆಂಡಿನಲ್ಲಾದರೆ ಪ್ರೊಬೇಟ್ ರಿಜಿಸ್ಟ್ರಿಯಿಂದ ಮೊಹರು ಮತ್ತು ದೃಢೀಕರಣ ಎರಡೂ ಇರುವ ಪ್ರತಿಯನ್ನು ಹೆಸರಿಸಿ ಕೇಳಿ. ಅಮೆರಿಕದಲ್ಲಾದರೆ ಸಾದಾ ದೃಢೀಕೃತ ಪ್ರತಿಗಿಂತ ‘ಎಕ್ಸೆಂಪ್ಲಿಫೈಡ್’ ಪ್ರತಿ ಲೇಸು. ಅದರಲ್ಲಿ ದಾಖಲೆಯ ಜೊತೆ ಅದನ್ನು ದೃಢೀಕರಿಸಿದ ಅಧಿಕಾರಿಯ ಅಧಿಕಾರವೂ ದೃಢಪಟ್ಟಿರುತ್ತದೆ.

ಅದರ ಮೇಲೆ ಅಪೋಸ್ಟಿಲ್, ಅಂದರೆ ದಾಖಲೆಯ ಸಹಿ-ಮೊಹರು ಅಸಲಿಯೆಂಬ ಆ ದೇಶದ ಸರ್ಕಾರಿ ದೃಢೀಕರಣ, ಬರಬೇಕು. 1961ರ ಹೇಗ್ ಅಪೋಸ್ಟಿಲ್ ಒಪ್ಪಂದ ಭಾರತಕ್ಕೆ 2005ರ ಜುಲೈ 14ರಿಂದ ಜಾರಿಯಲ್ಲಿದೆ. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ, ಒಮಾನ್ ಹಿಂದಿನಿಂದಲೂ ಅದರಲ್ಲಿವೆ. ಸಿಂಗಪುರ 2021ರಲ್ಲಿ, ಸೌದಿ ಅರೇಬಿಯಾ 2022ರಲ್ಲಿ, ಕೆನಡಾ 2024ರಲ್ಲಿ ಬಂದವು. ಕೆಲವು ದೇಶಗಳು ಭಾರತದ ಸೇರ್ಪಡೆಗೆ ಆಕ್ಷೇಪ ಸಲ್ಲಿಸಿದ್ದುಂಟು. ಆದ್ದರಿಂದ ಆ ದೇಶ ಮತ್ತು ಭಾರತದ ನಡುವೆ ಒಪ್ಪಂದ ಜಾರಿಯಲ್ಲಿದೆಯೇ ಎಂಬುದನ್ನೇ ನೋಡಿಕೊಳ್ಳಿ. ಒಪ್ಪಂದದ ಹೊರಗಿರುವ ಯುಎಇಯಂಥ ದೇಶದ ಕಾಗದಕ್ಕೆ ಅಲ್ಲಿನ ವಿದೇಶಾಂಗ ಇಲಾಖೆಯ ದೃಢೀಕರಣ, ನಂತರ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಎಂಬ ಹಳೆಯ ಸರಪಣಿಯೇ ಗತಿ. ಅರಬ್ಬಿಯಲ್ಲಿರುವ ದಾಖಲೆಗೆ ಅನುವಾದವೂ ಬೇಕು.

ಪ್ರತಿಗಳನ್ನು ಅಗತ್ಯಕ್ಕಿಂತ ಹೆಚ್ಚು ತರಿಸಿಕೊಳ್ಳಿ. ಒಂದು ನ್ಯಾಯಾಲಯದ ಕಡತಕ್ಕೆ ಹೋದ ಮೇಲೆ ಬ್ಯಾಂಕಿಗೆ ಮೂಲ ತೋರಿಸಲು ಇನ್ನೊಂದು ಇರಬೇಕು.

ಹಂತ 5: ಸರಿಯಾದ ದಾರಿ ಆಯ್ದುಕೊಳ್ಳಿ

ಇಲ್ಲಿ ಆಡಳಿತ ಪತ್ರ ಬೇಕೇ ಎಂಬ ಪ್ರಶ್ನೆಯನ್ನೇ ಮೊದಲು ಕೇಳಿಕೊಳ್ಳಿ. ವಿಲ್ ಆಧರಿಸಿ ನ್ಯಾಯಾಲಯದಲ್ಲಿ ಹಕ್ಕು ಸ್ಥಾಪಿಸಲು ಪ್ರೊಬೇಟ್ ಅಥವಾ ಆಡಳಿತ ಪತ್ರ ಬೇಕೆಂಬ ಕಲಂ 213ರ ಕಡ್ಡಾಯ ಹಿಂದೂಗಳ ಮಟ್ಟಿಗೆ ಹಳೆಯ ಬಂಗಾಳ ಪ್ರದೇಶ, ಮದ್ರಾಸ್ ಮತ್ತು ಬೊಂಬಾಯಿ ನಗರಗಳ ವ್ಯಾಪ್ತಿಗೆ ಸೀಮಿತವಾಗಿತ್ತು. ಭಾರತೀಯ ಕ್ರೈಸ್ತರಿಗೆ 2002ರಲ್ಲಿ ವಿನಾಯಿತಿ ಸಿಕ್ಕಿತು. 2025ರ ಡಿಸೆಂಬರಿನಲ್ಲಿ ಆ ಕಲಮನ್ನೇ ಕಾಯಿದೆಯಿಂದ ತೆಗೆಯಲಾಯಿತು. ಹಾಗಾಗಿ ಬೆಂಗಳೂರಿನ ಮನೆಗೆ ಸಂಬಂಧಿಸಿದ ಹಿಂದೂ ವಿಲ್‌ಗೆ ಪ್ರೊಬೇಟ್ ಕಡ್ಡಾಯವೆಂದು ಯಾರಾದರೂ ಹೇಳಿದರೆ ಯಾವ ಕಲಮಿನ ಅಡಿ ಎಂದು ಕೇಳಿ. ಎಲ್ಲ ವಾರಸುದಾರರೂ ಒಪ್ಪಿದ್ದು ಆಸ್ತಿ ಸಣ್ಣದಾಗಿದ್ದರೆ, ವಿಲ್ ಆಧರಿಸಿ ಒಪ್ಪಿಗೆ ಪತ್ರಗಳೊಂದಿಗೆ ಖಾತೆ ಬದಲಾವಣೆಗೆ ಪ್ರಯತ್ನಿಸಿ ನೋಡುವುದರಲ್ಲಿ ತಪ್ಪಿಲ್ಲ.

ತಕರಾರು ಇರುವಲ್ಲಿ, ಬ್ಯಾಂಕ್ ಒಪ್ಪದಿರುವಲ್ಲಿ ಅಥವಾ ಆಸ್ತಿ ಮಾರಾಟಕ್ಕೆ ಖರೀದಿದಾರರು ಗಟ್ಟಿ ದಾಖಲೆ ಕೇಳುವಲ್ಲಿ ಕಲಂ 228 ಉಪಯುಕ್ತ. ಆಡಳಿತ ಪತ್ರ ಕೊಡುವುದು ಬಿಡುವುದು ನ್ಯಾಯಾಲಯದ ವಿವೇಚನೆ. ವಿದೇಶದಲ್ಲಿ ಸಾಬೀತಾದ ಮೇಲೆ ಸಾಕ್ಷಿಗಳನ್ನು ಹುಡುಕಿ ಮತ್ತೊಮ್ಮೆ ಎಲ್ಲವನ್ನೂ ರುಜುವಾತುಪಡಿಸುವ ಹೊರೆ ಇಳಿಯುತ್ತದೆ ಎಂಬುದೇ ಇದರ ಲಾಭ. ಕಾಲಮಿತಿಯ ದೃಷ್ಟಿಯಿಂದಲೂ ಲಾಭವಿದೆ: ಇಂಗ್ಲೆಂಡಿನಲ್ಲಿ ಪ್ರೊಬೇಟ್ ಆಗಿದ್ದ ವಿಲ್ ಕುರಿತ ಸಮೀರ್ ಕಪೂರ್ ಪ್ರಕರಣದಲ್ಲಿ (2019), ಕಲಂ 228ರ ಅರ್ಜಿಗೆ ಪರಿಮಿತಿ ಕಾಯಿದೆಯ 137ನೆಯ ವಿಧಿಯ ಮೂರು ವರ್ಷದ ಮಿತಿ ಅನ್ವಯಿಸದೆಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ತಡಮಾಡಿದಷ್ಟೂ ಸಂಶಯಕ್ಕೆ ಎಡೆ.

ವಿಲ್ ಇಲ್ಲದೆ ತೀರಿಕೊಂಡವರ ಆಸ್ತಿಗೆ ವಿದೇಶದಲ್ಲಿ ಕೊಟ್ಟ ಆಡಳಿತ ಪತ್ರಕ್ಕೆ ಕಲಂ 228 ಅನ್ವಯಿಸುವುದಿಲ್ಲ. ಅಂಥಲ್ಲಿ ಇಲ್ಲಿನ ಉತ್ತರಾಧಿಕಾರ ಕಾನೂನಿನಂತೆ ಪೌತಿ ಖಾತೆ, ಉತ್ತರಾಧಿಕಾರ ಪ್ರಮಾಣಪತ್ರ ಅಥವಾ ಹೊಸ ಅರ್ಜಿಯ ದಾರಿ ಹಿಡಿಯಬೇಕು. ಸಣ್ಣ ಆಸ್ತಿಯೆಂದು ಅಮೆರಿಕದಲ್ಲಿ ಬರೀ ಅಫಿಡವಿಟ್ ಸಲ್ಲಿಸಿ ಮುಗಿಸಿದವರಿಗೂ ಇದೇ ಗತಿ.

ಹಂತ 6: ಇಲ್ಲಿ ಅರ್ಜಿ ನಡೆಸುವವರು ಯಾರು?

ವಿಲ್‌ನಲ್ಲಿ ನೇಮಕಗೊಂಡ ಎಕ್ಸಿಕ್ಯೂಟರ್ (ವಿಲ್ ಜಾರಿಗೊಳಿಸುವ ಹೊಣೆ ಹೊತ್ತವರು) ವಿದೇಶದಲ್ಲಿದ್ದು, ರಾಜ್ಯದೊಳಗೆ ಆ ಹೊಣೆ ಹೊರಲು ಸಿದ್ಧರಾದ ಬೇರೆ ಎಕ್ಸಿಕ್ಯೂಟರ್ ಇಲ್ಲದಿದ್ದರೆ, ಕಲಂ 241ರಂತೆ ಅವರ ಪರವಾಗಿ ಅಧಿಕಾರಪತ್ರ ಪಡೆದವರ ಹೆಸರಿಗೆ ಸೀಮಿತ ಆಡಳಿತ ಪತ್ರ ಪಡೆಯಬಹುದು. ಅಧಿಕಾರಪತ್ರ ನ್ಯಾಯಾಲಯದ ನಡಾವಳಿ, ಬ್ಯಾಂಕ್ ವ್ಯವಹಾರ, ಖಾತೆ ಬದಲಾವಣೆಗಳನ್ನು ಒಂದೊಂದಾಗಿ ಹೆಸರಿಸಿರಲಿ. ವಿದೇಶದಲ್ಲಿ ಸಹಿಯಾದ ಅಧಿಕಾರಪತ್ರ ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಕೊರಿಯರ್ ಲಕೋಟೆಯನ್ನೂ ಎಸೆಯಬೇಡಿ. ಬಂದ ದಿನಾಂಕಕ್ಕೆ ಅದೇ ಪುರಾವೆ.

ಹಂತ 7: ಅರ್ಜಿ ಸಲ್ಲಿಕೆ

ಮೃತರ ವಾಸಸ್ಥಳ ಅಥವಾ ಯಾವುದೇ ಆಸ್ತಿ ಇರುವ ವ್ಯಾಪ್ತಿಯ ಜಿಲ್ಲಾ ನ್ಯಾಯಾಲಯದಲ್ಲಿ, ಬೆಂಗಳೂರು ನಗರದಲ್ಲಾದರೆ ಸಿಟಿ ಸಿವಿಲ್ ಕೋರ್ಟಿನಲ್ಲಿ, ಅರ್ಜಿ ಸಲ್ಲಿಸಬಹುದು. ಮನೆ ಬೆಂಗಳೂರಿನಲ್ಲೂ ಜಮೀನು ಮಂಡ್ಯದಲ್ಲೂ ಇದ್ದರೆ ಎರಡು ಅರ್ಜಿ ಬೇಕಿಲ್ಲ. ಆದೇಶ ಇಡೀ ರಾಜ್ಯಕ್ಕೆ ಅನ್ವಯಿಸುತ್ತದೆ. ಆಸ್ತಿ ಚೆನ್ನೈಯಲ್ಲೂ ಇದ್ದರೆ ತೊಡಕು: ಜಿಲ್ಲಾ ನ್ಯಾಯಾಧೀಶರ ಆದೇಶ ರಾಜ್ಯದ ಹೊರಗೆ ನಡೆಯಬೇಕಾದರೆ ಹೊರಗಿನ ಆಸ್ತಿಯ ಮೌಲ್ಯ 10,000 ರೂಪಾಯಿ ಮೀರಿರಬಾರದು ಎಂಬ, ಇಂದಿಗೆ ಹಾಸ್ಯಾಸ್ಪದವೆನಿಸುವ ಮಿತಿ ಕಲಂ 273ರಲ್ಲಿ ಉಳಿದುಕೊಂಡಿದೆ. ಹೈಕೋರ್ಟಿನ ಆದೇಶಕ್ಕೆ ಈ ಮಿತಿಯಿಲ್ಲ, ಕಲಂ 300ರಂತೆ ಹೈಕೋರ್ಟಿಗೂ ಸಮಾನ ಅಧಿಕಾರವಿದೆ. ಯಾವುದನ್ನು ಆಯ್ದುಕೊಳ್ಳಬೇಕೆಂದು ಅರ್ಜಿ ಬರೆಯುವ ಮೊದಲೇ ವಕೀಲರೊಂದಿಗೆ ನಿಶ್ಚಯಿಸಿ.

ಅರ್ಜಿಯಲ್ಲಿ ಮರಣದ ದಿನಾಂಕ ಮತ್ತು ಸ್ಥಳ, ವಿಲ್‌ನ ವಿವರ, ವಿದೇಶದ ನ್ಯಾಯಾಲಯದ ಹೆಸರು ಮತ್ತು ಆದೇಶದ ದಿನಾಂಕ, ಎಲ್ಲ ಹತ್ತಿರದ ಬಂಧುಗಳ ಹೆಸರು-ವಿಳಾಸ, ಮೌಲ್ಯ ಸಹಿತ ಆಸ್ತಿ ಪಟ್ಟಿ ಇರಬೇಕು. ಕೋರ್ಟ್ ಶುಲ್ಕ ಈ ಮೌಲ್ಯದ ಮೇಲೆ ನಿಂತಿದೆ; ಉಳಿಸಲೆಂದು ಕಡಿಮೆ ತೋರಿಸಿದರೆ ವಿಚಾರಣೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ಬಂಧುಗಳಲ್ಲಿ ಜಗಳವಾಡಿದ ತಮ್ಮನ ಹೆಸರನ್ನು ಬಿಡುವುದು ಅದಕ್ಕಿಂತ ದೊಡ್ಡ ತಪ್ಪು: ನೋಟಿಸ್ ಕೊಡಬೇಕಾದವರಿಗೆ ಕೊಡದೆ ಪಡೆದ ಆದೇಶವನ್ನು ಕಲಂ 263ರಂತೆ ರದ್ದುಪಡಿಸಬಹುದು, ಅದೂ ಆಸ್ತಿ ಮಾರಾಟವಾದ ಎಷ್ಟೋ ಕಾಲದ ನಂತರ.

ಹಂತ 8: ತಕರಾರು ಬಂದಾಗ

ಯಾರಾದರೂ ಕೇವಿಯಟ್ (ತಮ್ಮನ್ನು ಕೇಳದೆ ಆದೇಶ ಕೊಡಬಾರದೆಂಬ ಅರ್ಜಿ) ಹಾಕಿ ವಿರೋಧಿಸಿದರೆ ಕಲಂ 295ರಂತೆ ನಡಾವಳಿ ಮೂಲದಾವೆಯ ರೂಪ ತಾಳುತ್ತದೆ. ಆಗ ಎದುರುಪಕ್ಷದ ಮುಖ್ಯ ಆಯುಧ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 13. ಅಧಿಕಾರವಿಲ್ಲದ ನ್ಯಾಯಾಲಯ ಕೊಟ್ಟಿದ್ದು, ಗುಣಾವಗುಣ ವಿಚಾರಿಸದೆ ಕೊಟ್ಟಿದ್ದು, ಸಹಜ ನ್ಯಾಯಕ್ಕೆ ವಿರುದ್ಧವಾದದ್ದು, ವಂಚನೆಯಿಂದ ಪಡೆದದ್ದು, ಭಾರತದ ಕಾನೂನಿನ ಉಲ್ಲಂಘನೆಯನ್ನು ಆಧರಿಸಿದ್ದು ಆದರೆ ವಿದೇಶದ ತೀರ್ಪು ನಿರ್ಣಾಯಕವಲ್ಲ.

ಇದರಲ್ಲಿ ಎರಡನೆಯ ಕಾರಣವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಇಂಗ್ಲೆಂಡಿನ ಬಹುಪಾಲು ಪ್ರೊಬೇಟ್‌ಗಳು ಯಾರೂ ವಿರೋಧಿಸದಾಗ, ವಿಚಾರಣೆಯಿಲ್ಲದೆ, ಕಚೇರಿ ಮಟ್ಟದಲ್ಲೇ ಸಿಗುವಂಥವು. ಶಿವಮೊಗ್ಗದಲ್ಲಿರುವ ಅಣ್ಣನಿಗೆ ಸುದ್ದಿಯೂ ತಲುಪಿರುವುದಿಲ್ಲ. ಪಕ್ಷಗಾರರ ಸಾಕ್ಷ್ಯ ಕೇಳಿ ಕೊಟ್ಟ ವಿಧಿವತ್ತಾದ ತೀರ್ಪಿನ ತೂಕ ಅದಕ್ಕಿರುವುದಿಲ್ಲ. ನಿಮ್ಮ ಪ್ರೊಬೇಟ್ ಮೊದಲ ಬಗೆಯದಾಗಿದ್ದು ವಿರೋಧ ಖಚಿತವಿದ್ದರೆ, ವಿದೇಶದ ಆದೇಶವೊಂದನ್ನೇ ನೆಚ್ಚಿಕೊಳ್ಳದೆ, ವಿಲ್‌ಗೆ ಸಾಕ್ಷಿ ಹಾಕಿದವರಲ್ಲಿ ಒಬ್ಬರ ಹೇಳಿಕೆಯನ್ನಾದರೂ ಪಡೆಯುವ ಸಿದ್ಧತೆ ಮಾಡಿ. ವಯಸ್ಸಾದ ಸಾಕ್ಷಿಗಳಿದ್ದರೆ ಈ ಕೆಲಸ ಅರ್ಜಿಗಿಂತ ಮೊದಲು. ವಿಲ್‌ನಿಂದ ಹೆಚ್ಚು ಲಾಭ ಪಡೆಯುವವರೇ ಅದನ್ನು ಬರೆಸಿದ್ದರೆ, ಸಹಿ ಹಾಕಿದಾಗ ಮೃತರು ಆಸ್ಪತ್ರೆಯಲ್ಲಿದ್ದರೆ, ಹೆಂಡತಿ-ಮಕ್ಕಳನ್ನು ಕಾರಣವಿಲ್ಲದೆ ಕೈಬಿಟ್ಟಿದ್ದರೆ, ಇವು ನ್ಯಾಯಾಲಯವೇ ವಿವರಣೆ ಕೇಳುವ ಅಂಶಗಳು. ವೈದ್ಯಕೀಯ ದಾಖಲೆಗಳನ್ನು ಮುಂಚಿತವಾಗಿ ತರಿಸಿಕೊಳ್ಳಿ.

ಹಂತ 9: ಆದೇಶ ಸಿಕ್ಕ ಮೇಲೆ

ನ್ಯಾಯಾಲಯ ಕೇಳಿದ ಬಾಂಡ್ ಮತ್ತು ಶುಲ್ಕ ಸಲ್ಲಿಸಿ ಆಡಳಿತ ಪತ್ರದ ದೃಢೀಕೃತ ನಕಲುಗಳನ್ನು ಪಡೆಯಿರಿ. ಮೊದಲು ಬ್ಯಾಂಕ್ ಮತ್ತು ಷೇರು, ನಂತರ ಖಾತಾ ಮತ್ತು ಪಹಣಿ. ಹಣ ಕೈಗೆ ಬಂದರೆ ತೆರಿಗೆ, ಸಾಲಗಳನ್ನು ತೀರಿಸಬಹುದು. ವಿದೇಶದಲ್ಲಿರುವ ವಾರಸುದಾರರು ಕೃಷಿ ಜಮೀನನ್ನೂ ವಾರಸಾಗಿ ಪಡೆಯಬಹುದು. ಮಾರುವುದಾದರೆ ಭಾರತದಲ್ಲಿ ನೆಲೆಸಿರುವವರಿಗೇ ಮಾರಬೇಕು. ಮಾರಾಟದ ಹಣವನ್ನು ಎನ್‌ಆರ್‌ಒ ಖಾತೆಯಿಂದ (ಅನಿವಾಸಿಗಳ ರೂಪಾಯಿ ಖಾತೆ) ಹೊರಕ್ಕೆ ಕಳುಹಿಸಲು ಒಂದು ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್ ಮಿತಿಯಿದೆ. ದೊಡ್ಡ ಆಸ್ತಿಯಾದರೆ ಮಾರಾಟವನ್ನು ಮಾರ್ಚ್ ತಿಂಗಳ ಆಚೀಚೆ ಹಂಚಿಕೊಳ್ಳುವುದು ಅನುಕೂಲ.

ಕಲಂ 317ರಂತೆ ಆದೇಶದಿಂದ ಆರು ತಿಂಗಳೊಳಗೆ ಆಸ್ತಿಯ ಪೂರ್ಣ ಪಟ್ಟಿಯನ್ನೂ ಒಂದು ವರ್ಷದೊಳಗೆ ಲೆಕ್ಕಪತ್ರವನ್ನೂ ಅದೇ ನ್ಯಾಯಾಲಯಕ್ಕೆ ಸಲ್ಲಿಸಬೇಕು. ಖಾತೆ ಬದಲಾದ ಸಂತೋಷದಲ್ಲಿ ಇದನ್ನು ಮರೆಯುವವರೇ ಹೆಚ್ಚು, ಮತ್ತು ಕಾರಣವಿಲ್ಲದೆ ಈ ಲೆಕ್ಕ ಕೊಡದಿರುವುದೂ ಆದೇಶ ರದ್ದತಿಗೆ ಒಂದು ಆಧಾರ. ಎರಡೂ ದಿನಾಂಕಗಳನ್ನು ಆಡಳಿತ ಪತ್ರದ ನಕಲಿನ ಮೇಲೆಯೇ ಬರೆದಿಟ್ಟು, ವಿದೇಶದಲ್ಲಿರುವ ಎಕ್ಸಿಕ್ಯೂಟರಿಗೂ ಲಿಖಿತವಾಗಿ ತಿಳಿಸಿ.